ಮಿನೊದೋರಾಳ ವರ್ಷಕ್ಕೆ ಒಂದು ಕಂಪ್ಯೂಟರು

ನಮ್ಮ ಮಗಳು ಮಿನೊದೋರಾ ತೀರಿಕೊಂಡು ವರ್ಷ ತುಂಬುವ ದಿನ ಅವಳ ಹೆಸರಿನಲ್ಲಿ ಒಂದು ಕಂಪ್ಯೂಟರನ್ನು ಕೊಡಬೇಕೆಂದು ನಿಶ್ಚಯಿಸಿದವನು ನಾನು. ಅದರ ಬಿಡಿಭಾಗಗಳಲ್ಲಿ ಯಾರು ಯಾವುದನ್ನು ತರಬೇಕೆಂದು ಹಂಚಿದವನೂ ನಾನೇ. ಆದ್ದರಿಂದ ಮುಂದೆ ಆದ ತಪ್ಪಿನಲ್ಲಿ ದೊಡ್ಡ ಪಾಲು ನನ್ನದು.

ನಮ್ಮ ದ್ರಗಶಾನಿ ಊರಿನಲ್ಲಿ ಸತ್ತವರಿಗೆ ಬೇಕಾದ ವಸ್ತುಗಳನ್ನು ಬದುಕಿರುವವರ ಕೈಯಲ್ಲಿ ಕೊಟ್ಟು ಕಳಿಸುತ್ತೇವೆ. ಅದಕ್ಕೆ ಪೊಮಾನ ಎನ್ನುತ್ತೇವೆ. ಮಿನೊದೋರಾಳ ನಲವತ್ತನೆಯ ದಿನಕ್ಕೆ ಮಂಚ, ಹಾಸಿಗೆ, ಮೇಜು, ಎರಡು ಕುರ್ಚಿ, ತಟ್ಟೆ ಬಟ್ಟಲು, ಕನ್ನಡಿ, ಒಂದು ಜೊತೆ ಬೂಟು ಕೊಟ್ಟಾಗಿತ್ತು. ಪಡೆದವಳು ಎರಡು ಮನೆ ಆಚೆಯ ಸ್ಮರಾಂದಾ. ಅವಳು ನಮ್ಮ ಹುಡುಗಿಗಿಂತ ಒಂದು ವರ್ಷ ದೊಡ್ಡವಳು, ಕಾಲಿನ ಅಳತೆ ಒಂದೇ. ಕೊಡುವವನು ವಸ್ತುವಿಗೆ ಮೇಣದ ಬತ್ತಿಯೊಂದನ್ನು ಕಟ್ಟಿ, "ಇದು ಮಿನೊದೋರಾಳ ಆತ್ಮಕ್ಕೆ" ಎಂದು ಕೈಗೆ ಕೊಡುತ್ತಾನೆ. ಪಡೆಯುವವಳು "ಬೊಗ್ದಪ್ರೋಸ್ತೆ" ಎನ್ನುತ್ತಾಳೆ. ದೇವರು ಮನ್ನಿಸಲಿ ಎಂದು ಅದರ ಅರ್ಥ. ಆ ಮಾತು ಆದ ಮೇಲೆ ವಸ್ತು ಎರಡು ಕಡೆ ಇರುತ್ತದೆ: ಇಲ್ಲಿ ಪಡೆದವಳ ಮನೆಯಲ್ಲಿ, ಅಲ್ಲಿ ಸತ್ತವಳ ಬಳಿಯಲ್ಲಿ. ವಸ್ತು ಹೊಸದಾಗಿರಬೇಕು, ಇಡಿಯಾಗಿರಬೇಕು. ಕೊಟ್ಟವರು ಅದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ, ಪಡೆಯುವವರು ಬೇಡವೆನ್ನುವಂತಿಲ್ಲ. ವರ್ಷದ ದಿನ ಸೂರ್ಯ ಮುಳುಗಿದರೆ ಕೊಡುವ ಕಾಲ ಮುಗಿಯಿತು ಎಂದು ನಮ್ಮ ತಾಯಿ ಹೇಳುತ್ತಿದ್ದರು. ಪಾದ್ರಿ ವಿಸರಿಯೋನ್ ಅವರು ಇದು ಯಾವ ಪುಸ್ತಕದಲ್ಲೂ ಇಲ್ಲ ಎನ್ನುತ್ತಾರೆ. ನಾನು ನಲವತ್ತೊಂದು ವರ್ಷ ಅವರ ಇಗರ್ಜಿಯಲ್ಲಿ ಹಾಡಿದವನು. ಅವರ ಮಾತಿನ ಮೇಲೆ ಗೌರವವಿದೆ. ತಾಯಿ ಹೇಳಿದ್ದನ್ನು ಮಾತ್ರ ಬಿಟ್ಟಿಲ್ಲ.

ಮಿನೊದೋರಾ ಭೂಮಾಪನದ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದಳು. ಅಲ್ಲಿಯ ಯಂತ್ರ ದೊಡ್ಡ ನಕ್ಷೆ ತೆರೆದರೆ ನಿಂತುಬಿಡುತ್ತಿತ್ತು. ತನ್ನದೇ ಒಂದು ಕಂಪ್ಯೂಟರನ್ನು ತಾನೇ ಭಾಗ ಭಾಗ ಆರಿಸಿ ಜೋಡಿಸಿಕೊಳ್ಳುತ್ತೇನೆಂದು ಎರಡು ಚಳಿಗಾಲ ಹೇಳಿದಳು. ಮೂರನೆಯದರಲ್ಲಿ ಕಾಯಿಲೆ ಬಂತು. ಮೂವತ್ತಾರು ವರ್ಷ ಅವಳಿಗೆ. ಆ ಒಂದು ವಸ್ತು ಅವಳಿಗೆ ಸಿಗದೆ ಉಳಿದಿತ್ತು. ಇದ್ದ ಒಬ್ಬಳೇ ಮಗಳಿಗೆ ತಂದೆ ಇನ್ನು ಕೊಡಬಹುದಾದದ್ದು ಅದೊಂದೇ ಎಂದು ನನಗೆ ತೋರಿತು.

ಅಂಗಡಿಯಲ್ಲಿ ಸಿದ್ಧವಾದದ್ದನ್ನೇ ಕೊಳ್ಳಬಹುದಾಗಿತ್ತು. ನನ್ನ ಹೆಂಡತಿ ಲ್ಯಾನಾ ಹಾಗೇ ಅಂದಳು. ಮಗಳು ಬಯಸಿದ್ದು ಭಾಗ ಭಾಗವಾಗಿ ಅಲ್ಲವೇ ಎಂದೆ ನಾನು. ಅಲ್ಲದೆ ಪೊಮಾನಕ್ಕೆ ಹೆಚ್ಚು ಕೈ ಸೇರಿದಷ್ಟೂ ಒಳ್ಳೆಯದು. ವರ್ಷದ ಊಟಕ್ಕೆ ಒಬ್ಬರಿಗೆ ಎಲೆಕೋಸಿನ ಸುರುಳಿ, ಒಬ್ಬರಿಗೆ ದ್ರಾಕ್ಷಾರಸ, ಒಬ್ಬರಿಗೆ ರೊಟ್ಟಿ ಎಂದು ಹಂಚುವ ಹಾಗೆಯೇ ಇದನ್ನೂ ಹಂಚಿದೆ. ಒಂದು ಕ್ರಮದಿಂದಲೇ ಹಂಚಿದೆ. ದೀಕ್ಷಾಸ್ನಾನದ ದಿನ ಕೊಳಗದ ಮೇಲೆ ಮಗುವಿನ ತಲೆ ಹಿಡಿದಿದ್ದವರು ಧರ್ಮತಂದೆ ತನಾಸೆ. ಆದ್ದರಿಂದ ಯಂತ್ರದ ಮಿದುಳಾದ ಪ್ರೊಸೆಸರು ಅವರದು. ತಮ್ಮ ಓಪ್ರೆಯ ಗಾರೆ ಕೆಲಸದವನು, ಅರ್ಧ ಊರಿಗೆ ಅಡಿಪಾಯ ಹಾಕಿದವನು. ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡು ಅವನದು. ಅಕ್ಕ ಪಾರಸ್ಕಿವಾಳಿಗೆ ಮೂರು ತಲೆಮಾರಿನ ಹುಟ್ಟಿದ ದಿನ, ಸತ್ತ ದಿನ, ಯಾರು ಯಾರಿಗೆ ಏನು ಅಂದರು ಎಲ್ಲವೂ ನೆನಪಿದೆ, ಮೆಮೊರಿ ಅವಳದು. ಲ್ಯಾನಾ ಮನೆಯ ಒಡತಿ, ಹೊರಗಿನ ಪೆಟ್ಟಿಗೆ ಮತ್ತು ಅದರೊಳಗೆ ವಿದ್ಯುತ್ ಹಂಚುವ ಡಬ್ಬಿ ಅವಳದು. ಪರದೆ, ಕೀಲಿಮಣೆ, ಡಿಸ್ಕು ನಾನು ತರುವುದು.

"ಅಲ್ಲ ಕಣೋ ಇಲಾರಿಯೆ," ಎಂದಳು ಅಕ್ಕ, "ಇವೆಲ್ಲ ಒಂದಕ್ಕೊಂದು ಹೊಂದ್ಕೊಳ್ತವಾ ಅಂತ ಯಾರ್ನಾದ್ರೂ ಕೇಳಿದ್ಯಾ?"

"ಎಲ್ಲಾ ಹೊಸದು, ಎಲ್ಲಾ ಕಂಪ್ಯೂಟರಿಂದೇ. ಯಾಕೆ ಹೊಂದಲ್ಲ?"

"ನಿನ್ನ ಮದುವೇಲೂ ನಾನು ಇದೇ ಪ್ರಶ್ನೆ ಕೇಳಿದ್ದೆ."

ಲ್ಯಾನಾ ಒಲೆಯ ಕಡೆಯಿಂದ ಹೇಳಿದಳು: "ಕೇಳಿಸ್ತು ಅತ್ತಿಗೆ."

ಕೇಳಬಹುದಾದವಳು ಒಬ್ಬಳಿದ್ದಳು, ಸ್ಮರಾಂದಾ. ಅವಳು ಮನೆಯಲ್ಲಿ ಕೂತು ಹೊಲಿಗೆ ಕಾರ್ಖಾನೆಯೊಂದಕ್ಕೆ ಬಟ್ಟೆಯ ಅಳತೆಗಳನ್ನು ಕಂಪ್ಯೂಟರಿನಲ್ಲಿ ಬರೆದು ಕಳಿಸುತ್ತಾಳೆ. ಆ ಹಳೆಯ ಯಂತ್ರವನ್ನು ತಾನೇ ಮೂರು ಸಲ ಬಿಚ್ಚಿ ಸರಿಮಾಡಿದ್ದಾಳೆ. ಆದರೆ ಪಡೆಯುವವಳನ್ನು ನಿನಗೆ ಏನು ಬೇಕು, ಎಂಥದು ಬೇಕು ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ. ಊಟಕ್ಕೆ ಕರೆದ ಅತಿಥಿಯನ್ನು ಎಷ್ಟು ತಿನ್ನುತ್ತೀ ಎಂದು ಕೇಳಿದ ಹಾಗಾಗುತ್ತದೆ ಅದು. ಆದ್ದರಿಂದ ಇಡೀ ಬೀದಿಯಲ್ಲಿ ಇದು ಗೊತ್ತಿದ್ದ ಒಬ್ಬಳ ಮುಂದೆ ನಾವು ಯಾರೂ ಬಾಯಿ ಬಿಡಲಿಲ್ಲ.

ವರ್ಷದ ದಿನ ಮಾರ್ಚ್ ತಿಂಗಳ ಮೊದಲ ಶನಿವಾರ ಬಿತ್ತು. ಬೆಳಿಗ್ಗೆ ಇಗರ್ಜಿಯಲ್ಲಿ ಪ್ರಾರ್ಥನೆಯಾಯಿತು. ನಾನೇ ಹಾಡಿದೆ, ಎಲ್ಲಿಯೂ ತಪ್ಪಲಿಲ್ಲ. ಗೋರಿಯ ಮೇಲೆ ದ್ರಾಕ್ಷಾರಸ ಹೊಯ್ದು ಮನೆಗೆ ಬಂದೆವು. ಮೇಜಿನ ನಡುವೆ ಕೊಲೀವದ ತಟ್ಟೆ ಇತ್ತು. ಬೇಯಿಸಿದ ಗೋಧಿಯ ಮೇಲೆ ಲ್ಯಾನಾ ಅಕ್ರೋಡಿನಿಂದ ಶಿಲುಬೆ ಬರೆದಿದ್ದಳು. ಅದರ ಸುತ್ತ ಪೆಟ್ಟಿಗೆಗಳು, ಪ್ರತಿಯೊಂದಕ್ಕೂ ಒಂದು ಬತ್ತಿ, ಒಂದು ಕೈವಸ್ತ್ರ. ಪಾದ್ರಿಯವರು ಧೂಪ ಹಾಕಿದರು. ಪ್ರೊಸೆಸರಿನ ಪುಟ್ಟ ಡಬ್ಬಿಯ ಮುಂದೆ ನಿಂತು, "ಇದೇನು, ಇಷ್ಟು ಚಿಕ್ಕದು?" ಎಂದರು.

"ಚಿಕ್ಕದಾದರೇನು ಸ್ವಾಮಿ, ಎಲ್ಲಕ್ಕಿಂತ ಬೆಲೆ ಇದಕ್ಕೇ," ಎಂದರು ತನಾಸೆ. ಅವರಿಗೆ ಎಂಬತ್ತೊಂದು ವರ್ಷ. ಅಂಗಡಿಯವನೊಡನೆ ಒಂದು ಗಂಟೆ ಫೋನಿನಲ್ಲಿ ಮಾತಾಡಿ ತರಿಸಿದ್ದರು.

ಒಬ್ಬೊಬ್ಬರೇ ಕೊಟ್ಟೆವು. ಸ್ಮರಾಂದಾ ಪ್ರತಿಯೊಂದನ್ನೂ ಎರಡು ಕೈಯಲ್ಲಿ ತೆಗೆದುಕೊಂಡು ಬೊಗ್ದಪ್ರೋಸ್ತೆ ಎಂದಳು. ತನಾಸೆಯವರ ಡಬ್ಬಿ ಪಡೆದಾಗ ಅದರ ಮೇಲಿನ ಬರಹವನ್ನು ಓದಿದಳು. ಓಪ್ರೆಯನ ಪೆಟ್ಟಿಗೆ ಪಡೆದಾಗ ಅದನ್ನೂ ಓದಿದಳು, ಒಂದು ಗಳಿಗೆ ತಡೆದಳು. ಆಮೇಲೆ ಬೊಗ್ದಪ್ರೋಸ್ತೆ ಎಂದಳು. ನಾನು ಅದನ್ನು ನೋಡಿದೆ. ಭಾವಿಸಿದ್ದು ಬೇರೆ, ಅವಳಿಗೆ ದುಃಖ ಬಂತೆಂದುಕೊಂಡೆ.

ಊಟವಾಗಿ ಪಾದ್ರಿಯವರು ಹೊರಟ ಮೇಲೆ, "ಇಲ್ಲೇ ಜೋಡಿಸಮ್ಮ, ನಾವೂ ನೋಡ್ತೀವಿ," ಎಂದೆ.

ಅವಳು ಕೈ ಒರೆಸಿಕೊಂಡಳು. "ಮಾವ, ಇದು ಜೋಡಿಸಕ್ಕಾಗಲ್ಲ."

"ಯಾಕೆ?"

"ಪ್ರೊಸೆಸರು ಒಂದು ಕಂಪನೀದು, ಬೋರ್ಡು ಅವರ ಎದುರಾಳಿ ಪ್ರೊಸೆಸರಿಗೆ ಮಾಡಿರೋದು. ಬೋರ್ಡಿನ ಮೇಲೆ ಕೂರೋ ಜಾಗವೇ ಬೇರೆ. ಬಲವಂತ ಮಾಡಿದ್ರೆ ಎರಡೂ ಮುರೀತವೆ. ಇನ್ನೊಂದು, ಬೋರ್ಡು ಭಾರೀ ಅಗಲ, ಲ್ಯಾನಾ ಅತ್ತೆ ತಂದಿರೋ ಪೆಟ್ಟಿಗೆ ಪುಟ್ಟದು. ಒಳಗೇ ಹೋಗಲ್ಲ."

ಮೊದಲು ಬಾಯಿ ಬಿಟ್ಟವನು ಓಪ್ರೆಯ. "ಅಂಗಡೀಲಿ ಇದ್ದುದರಲ್ಲೆಲ್ಲ ದೊಡ್ಡ ಬೋರ್ಡು ತಂದಿದೀನಿ ನಾನು. ಅಡಿಪಾಯ ದೊಡ್ಡದಿದ್ರೆ ತಪ್ಪಾ? ಅತ್ತಿಗೆ, ನೀವು ತಂದಿರೋದು ಪೆಟ್ಟಿಗೆಯೋ ಸಕ್ಕರೆ ಡಬ್ಬೀನೋ?"

"ಮಿನೊದೋರಾಗೆ ದೊಡ್ಡ ಕಪ್ಪು ಪೆಟ್ಟಿಗೆ ಹಿಡಿಸ್ತಿರಲಿಲ್ಲ," ಎಂದಳು ಲ್ಯಾನಾ. "ಹೆಣದ ಪೆಟ್ಟಿಗೆ ಹಾಗಿದೆ ಅಂತಿದ್ಳು."

ತನಾಸೆ ಕೋಲು ನೆಲಕ್ಕೆ ಕುಟ್ಟಿದರು. "ಬೋರ್ಡು ಬದಲಾಯಿಸಪ್ಪ, ಮುಗೀತು. ಹದಿನಾಲ್ಕು ದಿನದೊಳಗೆ ವಾಪಸ್ ತಗೋತಾರೆ."

"ದುಡ್ಡು ಯಾರ ಕೈಗೆ ಬರುತ್ತೆ? ನನ್ನ ಕೈಗೆ! ಕೊಟ್ಟ ಪೊಮಾನ ವಾಪಸ್ ತಿಂದ ಅಂತ ಅನ್ನಿಸ್ಕೊಳ್ಳಲಾ? ನಿಮ್ಮ ಪ್ರೊಸೆಸರ್ ವಾಪಸ್ ಕೊಡಿ ನೀವು."

"ನಾನಾ? ಆ ಮಗೂ ತಲೆ ಹಿಡಿದಿದ್ದು ಈ ಕೈ!"

"ಮೂವತ್ತೇಳು ವರ್ಷದಿಂದ ಅದನ್ನೇ ಕೇಳ್ತಿದೀವಿ. ಆ ದಿನ ನೀವು ಕುಡಿದು ಬಂದು, ತಲೆ ಹಿಡಿದಿದ್ದೋ ಕೊಳಗ ಹಿಡ್ಕೊಂಡು ನಿಂತಿದ್ದೋ ನಮಗೆ ಗೊತ್ತಿಲ್ವಾ?"

"ಸಾಕು ಮಾಡ್ರೋ," ಎಂದಳು ಅಕ್ಕ. "ನಂದೇನಾದ್ರೂ ಸರಿಯಿದ್ಯಾ ಸ್ಮರಾಂದಾ? ಹೇಳ್ಬಿಡಮ್ಮ, ಎದೆ ಗಟ್ಟಿ ಮಾಡ್ಕೊಂಡಿದೀನಿ."

"ನಿಮ್ಮ ಮೆಮೊರಿ ಹಳೇ ಪೀಳಿಗೇದು ದೊಡ್ಡಮ್ಮ, ಆದ್ರೂ ಒಳ್ಳೇದು. ಬೇಕಾದಷ್ಟಿದೆ."

"ನನ್ನ ವಿಷಯದಲ್ಲಿ ಡಾಕ್ಟರೂ ಅದನ್ನೇ ಹೇಳೋದು."

ಅವರು ನಕ್ಕರು. ನನಗೆ ನಗಲಾಗಲಿಲ್ಲ. ನಾನು ಯೋಚಿಸುತ್ತಿದ್ದುದು ಇಷ್ಟೆ: ಕೊಟ್ಟದ್ದು ಹೋಗಿಯಾಗಿದೆ. ಈ ಗಳಿಗೆಯಲ್ಲಿ ಅಲ್ಲಿ ಮಗಳ ಮೇಜಿನ ಮೇಲೆ ಒಂದಕ್ಕೊಂದು ಸೇರದ ತುಂಡುಗಳು ಬಿದ್ದಿವೆ. ಇವತ್ತು ಸೂರ್ಯ ಮುಳುಗಿದರೆ ಅವು ಹಾಗೆಯೇ ಉಳಿಯುತ್ತವೆ. ಆಗ ಮೂರು ಗಂಟೆ ದಾಟಿತ್ತು. ಅಂಗಡಿಯಿಂದ ತರಿಸಿದರೆ ಮಂಗಳವಾರ ಬರುವುದು. ನಾನು ಇದನ್ನು ಗಟ್ಟಿಯಾಗಿಯೇ ಹೇಳಿದೆ.

ಸ್ಮರಾಂದಾ ಓಪ್ರೆಯನ ಪೆಟ್ಟಿಗೆಯನ್ನು ಮುಚ್ಚಿದಳು. "ಮಾರ್ಕೆಟ್ಟಿನ ಹಿಂದೆ ಸೆವೆರ್ ಇದಾನಲ್ಲ, ರಿಪೇರಿ ಅಂಗಡಿ. ಅವನ ಹತ್ರ ಬೋರ್ಡುಗಳಿರ್ತವೆ. ಓಪ್ರೆಯ ಮಾವ ಕೊಟ್ಟಿದ್ದು ಈಗ ನಂದು ತಾನೇ? ಅದನ್ನ ಕೊಟ್ಟು ಬೇರೆ ತಗೋತೀನಿ. ಬನ್ನಿ."

ಓಪ್ರೆಯ ಬೋರ್ಡನ್ನು ಎತ್ತಿಕೊಂಡು ಬಂದು ಕಾರಿನಲ್ಲಿ ಇಟ್ಟ. ನಮ್ಮಿಬ್ಬರನ್ನೂ ಕರೆದುಕೊಂಡು ಹೋದ. ಅಂಗಡಿಯೊಳಗೆ ಮಾತ್ರ ಬರಲಿಲ್ಲ.

ಸೆವೆರ್ ಬಾಗಿಲು ಹಾಕಿ ಊಟಕ್ಕೆ ಕೂತಿದ್ದ. ಸ್ಮರಾಂದಾ ಕಿಟಕಿ ಬಡಿದಳು. ಅವನು ಬಾಯಿ ಒರೆಸಿಕೊಂಡು ಬಂದು ಓಪ್ರೆಯನ ಬೋರ್ಡನ್ನು ತಿರುಗಿಸಿ ನೋಡಿದ. "ಇದು ಒಳ್ಳೇ ಮಾಲು. ಇದರ ಬದಲು ನಿನಗೇನು ಬೇಕು?"

ಅವಳು ಬೆರಳು ಮಡಚಿ ಹೇಳಿದಳು. ತನಾಸೆಯವರ ಪ್ರೊಸೆಸರು ಕೂರುವ ಜಾಗ ಇರಬೇಕು. ಪಾರಸ್ಕಿವಾ ದೊಡ್ಡಮ್ಮನ ಹಳೇ ಪೀಳಿಗೆಯ ಮೆಮೊರಿ ಹಿಡಿಯುವ ತೋಡು ಇರಬೇಕು. ಲ್ಯಾನಾ ಅತ್ತೆಯ ಪೆಟ್ಟಿಗೆಯಲ್ಲಿ ಹಿಡಿಸಬೇಕು.

"ನೀನು ಬೋರ್ಡು ಹುಡುಕ್ತಿದೀಯೋ ಸೊಸೆ ಹುಡುಕ್ತಿದೀಯೋ?" ಎಂದು ಸೆವೆರ್ ಮೂರು ಪೆಟ್ಟಿಗೆ ಇಳಿಸಿದ.

ಮೊದಲನೆಯದರಲ್ಲಿ ಪ್ರೊಸೆಸರಿನ ಜಾಗ ಸರಿಯಾಗಿತ್ತು. ಮೆಮೊರಿಯ ತೋಡು ಹೊಸ ಪೀಳಿಗೆಯದು. ಸ್ಮರಾಂದಾ ಅದರಲ್ಲಿ ಅಡ್ಡವಿದ್ದ ಸಣ್ಣ ಗೂಟವನ್ನು ನನಗೆ ತೋರಿಸಿದಳು. ಅಕ್ಕನ ಮೆಮೊರಿಯಲ್ಲಿ ಕಚ್ಚು ಬೇರೆ ಕಡೆ ಇದೆ, ಒಂದು ಕಡ್ಡಿಯಷ್ಟು ದೂರ. ಆ ಒಂದು ಕಡ್ಡಿಯ ಅಗಲ ಸಾಕು, ಎರಡೂ ಎಂದಿಗೂ ಸೇರುವುದಿಲ್ಲ. ಎರಡನೆಯದರಲ್ಲಿ ಅವೆರಡೂ ಸರಿ, ಆದರೆ ಅಗಲ ಜಾಸ್ತಿ. ಮೂರನೆಯದು ಪುಟ್ಟದು, ಮೆಮೊರಿಯ ತೋಡೂ ಹಳೇ ಪೀಳಿಗೆಯದು. ಅವಳು ಪ್ರೊಸೆಸರಿನ ಸಂಖ್ಯೆಯನ್ನು ಫೋನಿನ ಪಟ್ಟಿಯೊಂದರಲ್ಲಿ ಹುಡುಕಿದಳು, ಬೋರ್ಡಿನ ಮೂಲೆಯ ಅಕ್ಷರಗಳನ್ನು ಎರಡು ಸಲ ಓದಿದಳು.

"ಸಂಖ್ಯೆಯ ಕೊನೇಲಿ ಎಫ್ ಇಲ್ಲ, ಪುಣ್ಯ," ಎಂದಳು. "ಇದ್ದಿದ್ರೆ ಪರದೆ ಮೇಲೆ ಚಿತ್ರ ಬರೋಕೆ ಇನ್ನೊಂದು ಕಾರ್ಡು ಬೇಕಾಗ್ತಿತ್ತು. ಅದನ್ನ ತರೋಕೆ ನಿಮ್ಮಲ್ಲಿ ನೆಂಟರೇ ಉಳಿದಿರಲಿಲ್ಲ."

ಆ ಬೋರ್ಡಿನ ಪೆಟ್ಟಿಗೆಯ ಅಂಟು ಹರಿದಿತ್ತು. ನಾನು ಅದನ್ನು ತೋರಿಸಿ ಕೇಳಿದೆ: "ಇದು ಹೊಸದೇನಪ್ಪ?"

"ತೆರೆದು ನೋಡಿದ್ದು ಅಷ್ಟೇ ಯಜಮಾನ್ರೇ. ಇದರಲ್ಲಿ ಯಾರೂ ಊಟ ಮಾಡಿಲ್ಲ."

"ಒಂದು ದಿನವೂ ಯಾರೂ ಬಳಸಿಲ್ಲ ತಾನೆ?"

ಅವನು ನನ್ನ ಶೋಕದ ಕಪ್ಪು ತೋಳುಪಟ್ಟಿ ನೋಡಿದ. ಆಮೇಲೆ ಬೇರೆ ದನಿಯಲ್ಲಿ, "ಯಾರೂ ಬಳಸಿಲ್ಲ. ದೇವರಾಣೆ," ಎಂದ.

ಇನ್ನೂ ಒಂದು ಕೆಲಸವಿತ್ತು. ಬೋರ್ಡು ತಯಾರಾದ ಮೇಲೆ ಈ ಪ್ರೊಸೆಸರು ಬಂದದ್ದರಿಂದ ಅದಕ್ಕೆ ಇದರ ಗುರುತು ತಿಳಿಯದು. ಬೋರ್ಡಿನೊಳಗಿನ ತಂತ್ರಾಂಶವನ್ನು ಹೊಸದು ಮಾಡಬೇಕೆಂದ. ಒಂದು ಪೆನ್‌ಡ್ರೈವ್ ಚುಚ್ಚಿ, ಕೆಂಪು ದೀಪ ಮಿನುಗುವುದು ನಿಲ್ಲುವ ತನಕ ಮುಟ್ಟಬೇಡಿ ಎಂದು ಹೇಳಿ ತನ್ನ ಊಟಕ್ಕೆ ಹೋದ. ನಾವು ಎರಡು ಸ್ಟೂಲಿನ ಮೇಲೆ ಕೂತೆವು. ಕಿಟಕಿಯಲ್ಲಿ ಬಿಸಿಲು ಆಗಲೇ ಓರೆಯಾಗಿತ್ತು.

"ಮಾವ, ಮಿನೊದೋರಾ ಇದನ್ನ ಯಾವುದಕ್ಕೆ ಬೇಕು ಅಂತಿದ್ಳು?"

"ನಕ್ಷೆಗೆ."

"ಬರೀ ನಕ್ಷೆ ಅಂದ್ರೆ?"

ನಾನು ನೆನಪು ಮಾಡಿಕೊಂಡು ಹೇಳಿದೆ. ಗುಡ್ಡದ ದ್ರಾಕ್ಷಿ ತೋಟಗಳ ಗಡಿಗಳನ್ನೆಲ್ಲ ಒಂದೇ ಹಾಳೆಯಲ್ಲಿ ನೋಡಬೇಕೆನ್ನುತ್ತಿದ್ದಳು. ಕಚೇರಿಯ ಯಂತ್ರದಲ್ಲಿ ತುಂಡು ತುಂಡಾಗಿ ತೆರೆಯಬೇಕಾಗಿತ್ತು. ಒಂದು ಕಡೆ ನೋಡುವಷ್ಟರಲ್ಲಿ ಇನ್ನೊಂದು ಮುಚ್ಚಿಹೋಗುತ್ತಿತ್ತು. ಊಟಕ್ಕೆ ಕೂತಾಗ ಇದನ್ನು ಹೇಳುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ.

"ಹಾಗಾದ್ರೆ ಅವಳಿಗೆ ಮೆಮೊರೀನೇ ಮುಖ್ಯ," ಎಂದಳು ಸ್ಮರಾಂದಾ. "ದೊಡ್ಡಮ್ಮ ತಂದಿರೋದು ಸಾಕು."

ದೀಪ ನಿಂತಾಗ ಐದಕ್ಕೆ ಹತ್ತು ನಿಮಿಷವಿತ್ತು.

ಮನೆಯ ಅಂಗಳದಲ್ಲಿ ಕಾರು ನಿಂತ ಮೇಲೆ ನನಗೆ ಇನ್ನೊಂದು ತೊಡಕು ಹೊಳೆಯಿತು. ಬಾಗಿಲಲ್ಲೇ ನಿಂತೆ. "ಇದು ನೀನು ಬದಲಾಯಿಸಿ ತಂದದ್ದು. ನಿನ್ನ ಯಂತ್ರ ನಡೀಬಹುದು. ಆದ್ರೆ ಅವಳ ಹತ್ರ ಇರೋದು ಓಪ್ರೆಯನ ಬೋರ್ಡೇ. ಇದನ್ನ ಅವಳ ಹೆಸರಲ್ಲಿ ಯಾರೂ ಕೊಟ್ಟಿಲ್ಲ."

"ನೀವು ಕೊಡಿ."

"ನಿನ್ನ ವಸ್ತು ನಾನು ಹೇಗೆ ಕೊಡಲಿ? ನಿನ್ನ ಕೈಯಿಂದ ತಗೊಂಡರೆ ಪೊಮಾನ ವಾಪಸ್ ತಗೊಂಡ ಹಾಗಾಗುತ್ತೆ."

ಒಳಗಿನಿಂದ ತನಾಸೆ, "ಅವನು ಹೇಳೋದು ಸರಿ," ಎಂದರು. ಅವರು ಆ ದಿನ ಓಪ್ರೆಯನ ಬೋರ್ಡನ್ನು ಹಳಿಯುವ ಯಾವ ಮಾತನ್ನಾದರೂ ಒಪ್ಪುತ್ತಿದ್ದರು. ಓಪ್ರೆಯ, "ನನ್ನ ಅಣ್ಣ ಸ್ವರ್ಗದ ಬಾಗಿಲಲ್ಲೂ ನಿಂತು ಬಾಗಿಲು ಯಾರು ಮಾಡಿದ್ದು ಅಂತ ವಿಚಾರಿಸ್ತಾನೆ," ಎಂದ.

ಸ್ಮರಾಂದಾ ಒಳಗೆ ಹೋದಳು. ಮೇಜಿನ ಮೇಲೆ ಉಳಿದಿದ್ದ ಒಂದು ಬತ್ತಿಯನ್ನು ತೆಗೆದುಕೊಂಡು ಬೋರ್ಡಿನ ಪೆಟ್ಟಿಗೆಗೆ ಕಟ್ಟಿದಳು. ಹೊತ್ತಿಸಿದಳು. ಹೊಸ್ತಿಲಿಗೆ ಬಂದು ಎರಡು ಕೈಯಲ್ಲಿ ನನ್ನ ಮುಂದೆ ಹಿಡಿದಳು.

"ಮಿನೊದೋರಾಳ ಆತ್ಮಕ್ಕೆ," ಎಂದಳು. "ನಾನು ಕೊಡ್ತಿದೀನಿ. ನನಗೂ ಅವಳು ಬೇಕಾದವಳೇ ಮಾವ. ವರ್ಷಪೂರ್ತಿ ನಾನೇ ತಗೊಂಡೆ. ನನ್ನದೂ ಒಂದು ಇರಲಿ."

ಪೊಮಾನವನ್ನು ಬೇಡವೆನ್ನುವಂತಿಲ್ಲ. ಮನೆಯವರು ಕೊಡುತ್ತಾರೆ, ಹೊರಗಿನವರು ಪಡೆಯುತ್ತಾರೆ; ತಂದೆ ತನ್ನ ಮಗಳ ಪೊಮಾನಕ್ಕೆ ಕೈ ಒಡ್ಡಿದ್ದನ್ನು ನಾನು ಕಂಡಿರಲಿಲ್ಲ. ಕೂಡದು ಎಂದೂ ಕೇಳಿರಲಿಲ್ಲ. ಪಡುವಣದಲ್ಲಿ ಸೂರ್ಯ ಗುಡ್ಡದ ಮೇಲೆ ಒಂದು ಗೇಣು ಉಳಿದಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕೈ ಚಾಚಿ ತೆಗೆದುಕೊಂಡೆ. ಹೇಳಬೇಕಾದ ಮಾತನ್ನು ಹೇಳಿದೆ. ಇಗರ್ಜಿಯಲ್ಲಿ ಬೆಳಿಗ್ಗೆ ನಿಲ್ಲದಿದ್ದ ದನಿ ಅಲ್ಲಿ ನಿಂತಿತು, ಮತ್ತೊಮ್ಮೆ ಹೇಳಬೇಕಾಯಿತು.

ಈಗ ಅದು ನನ್ನದಾಯಿತು. ಹಾಗೇ ನಿಂತಲ್ಲೇ ಅವಳಿಗೆ ಕೊಟ್ಟೆ, ಮಗಳ ಹೆಸರು ಹೇಳಿ. ಅವಳು ಪಡೆದಳು.

"ಮೂರು ಸಲ ಕೈ ಬದಲಾಯ್ತು, ಆದ್ರೂ ಶುರು ಮಾಡಿದ್ದು ನಾನೇ ಅನ್ನೋದು ಮರೀಬೇಡಿ," ಎಂದ ಓಪ್ರೆಯ. ಅಕ್ಕ ಅವನ ಬಾಯಿಗೆ ಒಂದು ಚಮಚ ಕೊಲೀವ ಹಾಕಿದಳು.

ಜೋಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಪ್ರೊಸೆಸರನ್ನು ಸ್ಮರಾಂದಾ ತನಾಸೆಯವರ ಕೈಯಿಂದಲೇ ಇಡಿಸಿದಳು. ಮೂಲೆಯ ಚಿನ್ನದ ಗುರುತು ಬೋರ್ಡಿನ ಗುರುತಿಗೆ ಸೇರಬೇಕೆಂದು ಹೇಳಿ, ಅವರ ಮಣಿಕಟ್ಟನ್ನು ಹಿಡಿದುಕೊಂಡಳು. ಪ್ರೊಸೆಸರು ಸದ್ದಿಲ್ಲದೆ ಕೂತಿತು. ಅಕ್ಕನ ಮೆಮೊರಿ ಎರಡು ಕಡೆ ಟಕ್ಕೆಂದು ಕಚ್ಚಿತು. ಲ್ಯಾನಾಳ ಪೆಟ್ಟಿಗೆಯಲ್ಲಿ ಎಲ್ಲ ಸೇರಿದ ಮೇಲೂ ಒಂದು ಬೆರಳಿನಷ್ಟು ಜಾಗ ಉಳಿಯಿತು. ಗುಂಡಿ ಒತ್ತಿದಾಗ ಫ್ಯಾನು ತಿರುಗಿತು. ಪರದೆ ಕಪ್ಪಾಗಿಯೇ ಇತ್ತು. ಆಮೇಲೆ ಬೆಳಕು ಬಂತು.

ಯಂತ್ರ ಕೆಲವು ಪ್ರಶ್ನೆಗಳನ್ನು ಕೇಳಿತು. ಯಾವ ದೇಶ, ಯಾವ ಭಾಷೆ. ಸ್ಮರಾಂದಾ ಉತ್ತರಿಸುತ್ತಾ ಹೋದಳು. ಬಳಸುವವರ ಹೆಸರೇನೆಂದು ಕೇಳಿದಾಗ ಅವಳ ಬೆರಳು ನಿಂತಿತು.

"ಏನಂತ ಬರೀಲಿ ಮಾವ?"

"ಮಿನೊದೋರಾ ಅಂತ ಬರಿಯಮ್ಮ," ಎಂದಳು ಲ್ಯಾನಾ.

ನನಗೂ ಹಾಗೇ ಅನ್ನಿಸಿತ್ತು. ಆದರೆ ಕೊಟ್ಟ ಬಟ್ಟೆಯನ್ನು ಪಡೆದವಳು ತನ್ನದೆಂದು ಉಟ್ಟರೆ ಮಾತ್ರ ಅಲ್ಲಿಯವಳಿಗೆ ಬೆಚ್ಚಗಾಗುವುದು. ನಮ್ಮದೆಂದು ಗುರುತು ಹಾಕಿಟ್ಟರೆ ಅದು ನಮ್ಮ ಮನೆಯಲ್ಲೇ ಉಳಿಯುತ್ತದೆ.

"ಬೇಡ," ಎಂದೆ. "ನಿನ್ನ ಹೆಸರು ಬರಿ."

ಲ್ಯಾನಾ ನನ್ನನ್ನು ನೋಡಿ, ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಸ್ಮರಾಂದಾ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದಳು. ಯಂತ್ರ ಅದನ್ನು ಒಪ್ಪಿಕೊಂಡು ಮುಂದಿನ ಪ್ರಶ್ನೆ ಕೇಳಿತು.